ಲೆಕ್ಕಕ್ಕೆ ಬರದ ದಿನ

ನಮ್ಮ ಅಪ್ಪನಿಗೆ ಊರಿನಲ್ಲಿ ಇಪ್ಪತ್ತೊಂದು ಎಂದು ಅಡ್ಡಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಬೆನ್ನ ಹಿಂದೆ ಯಾರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ. ನಮ್ಮದು ಕೋಳಿಮರಿ ಮಾಡಿ ಮಾರುವ ಹ್ಯಾಚರಿ. ಮೊಟ್ಟೆ ಮಷೀನಿನೊಳಗೆ ಹೋದರೆ ಇಪ್ಪತ್ತೊಂದನೇ ದಿನ ಮರಿ ಹೊರಗೆ ಬರಬೇಕು. ಅಪ್ಪನ ಪ್ರಕಾರ ಲೋಕದ ಮಿಕ್ಕ ಕೆಲಸಗಳೂ ಅಷ್ಟರಲ್ಲೇ ಮುಗಿಯಬೇಕು. ಕೆಮ್ಮು ಬಂದರೆ ಇಪ್ಪತ್ತೊಂದು ದಿನ, ಗಂಡ ಹೆಂಡತಿ ಮುನಿಸಿಕೊಂಡರೆ ಇಪ್ಪತ್ತೊಂದು ದಿನ. ನಾನು ಗಂಡನ ಮನೆ ಬಿಟ್ಟು ಬಂದಾಗಲೂ ಅದನ್ನೇ ಹೇಳಿದ್ದರು. ಅದಾಗಿ ಒಂಬತ್ತು ವರ್ಷವಾಯಿತು, ಆಮೇಲೆ ಅವರು ಆ ಮಾತೆತ್ತಿಲ್ಲ.

ಮನೆ ಹ್ಯಾಚರಿಯ ಬೆನ್ನಿಗೇ ಅಂಟಿಕೊಂಡಿದೆ. ಅಣ್ಣ ಮಷೀನು ರೂಮು ನೋಡಿಕೊಳ್ಳುತ್ತಾನೆ. ಅಮ್ಮ ಒಂದೊಂದೇ ಮೊಟ್ಟೆಗೆ ದೀಪ ಹಿಡಿದು ಒಳಗೆ ಜೀವ ಇದೆಯೋ ಇಲ್ಲವೋ ನೋಡುತ್ತಾಳೆ. ನಾನು ಮರಿಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುತ್ತೇನೆ. ಅತ್ತಿಗೆ ಮುಂದಿನ ಆಫೀಸಿನಲ್ಲಿ ಕೂತು ಫೋನಿನಲ್ಲಿ ಬುಕಿಂಗ್ ತೆಗೆದುಕೊಳ್ಳುತ್ತಾಳೆ. ಅಪ್ಪ ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಾರೆ.

ಹಾಗಾಗಿ ಒಂದು ಮಧ್ಯಾಹ್ನ ಊಟದ ನಡುವೆ ಅತ್ತಿಗೆ, "ಮಾವ, ನಾವು ಐವಿಎಫ್ ಮಾಡಿಸ್ಕೋತೀವಿ," ಎಂದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಎಷ್ಟು ದಿನ?"

"ಇಂಜೆಕ್ಷನ್ ಶುರುವಾದ ಮೇಲೆ ಹೆಚ್ಚು ಕಮ್ಮಿ ಒಂದು ತಿಂಗಳಿಗೆ ಗೊತ್ತಾಗುತ್ತೆ."

"ನೂರಕ್ಕೆ ಎಷ್ಟು?"

ಅಣ್ಣ, "ಅಪ್ಪ, ಇದೇನು ಕೋಳಿ ವಿಷಯಾನಾ?" ಎಂದ.

"ಕೇಳೋದ್ರಲ್ಲಿ ಏನೋ ತಪ್ಪು?"

"ನನ್ನ ವಯಸ್ಸಿಗೆ ನೂರಕ್ಕೆ ಮೂವತ್ತು ಅಂದ್ರು ಡಾಕ್ಟರಮ್ಮ," ಅತ್ತಿಗೆ ಮುಖದಲ್ಲಿ ಏನೂ ತೋರಿಸದೆ ಹೇಳಿದಳು.

"ಮೂವತ್ತಾ? ನಮ್ಮ ಮಷೀನು ಮೂವತ್ತು ಕೊಟ್ಟಿದ್ರೆ ಅವತ್ತೇ ಗುಜರಿಗೆ ಹಾಕ್ತಿದ್ದೆ."

ಅಮ್ಮ ಅನ್ನದ ಪಾತ್ರೆಯನ್ನು ಸದ್ದಾಗುವಂತೆ ಇಟ್ಟಳು. "ಮನುಷ್ಯರನ್ನೂ ಮಷೀನಲ್ಲಿ ಮಾಡೋ ಕಾಲ ಬಂತಾ? ದೇಹಕ್ಕೆ ಏನೇನೋ ಚುಚ್ಚಿಸ್ಕೊಂಡು, ನಾಳೆ ಹೆಚ್ಚು ಕಮ್ಮಿ ಆದ್ರೆ?"

"ನಲವತ್ತು ವರ್ಷದಿಂದ ನೀನು ಅದನ್ನೇ ಅಲ್ವೇನಮ್ಮ ಮಾಡ್ತಿರೋದು?" ಎಂದೆ ನಾನು. ಅಮ್ಮ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಅತ್ತಿಗೆ ನನ್ನ ಓರಗೆಯವಳು, ಇಬ್ಬರಿಗೂ ಮೂವತ್ತೇಳು. ಅದಕ್ಕೇ ನಮ್ಮಿಬ್ಬರಲ್ಲಿ ಏಕವಚನ. ಮದುವೆಯಾಗಿ ಎಂಟು ವರ್ಷ, ಅದರಲ್ಲಿ ಆರು ವರ್ಷ ಮಾತ್ರೆ, ಪರೀಕ್ಷೆ, ಮತ್ತೆ ಮಾತ್ರೆ. ಅತ್ತಳೆಂದು ನನಗೆ ನೆನಪಿಲ್ಲ. ಅಷ್ಟು ಗಟ್ಟಿ ಹೆಂಗಸು, ಅಥವಾ ಅಷ್ಟು ಹಟಮಾರಿ. ಡಾಕ್ಟರಮ್ಮ ಅವಳಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದರಂತೆ: ನಿಮ್ಮಲ್ಲಿ ಮೊಟ್ಟೆ ಕಡಿಮೆ ಇವೆ, ಬೇಗ ಬೇಗ ಕಡಿಮೆಯಾಗುತ್ತಿವೆ. ಈ ಸಲ ಪ್ರಯತ್ನ ಮಾಡೋಣ. ಮುಂದಿನ ವರ್ಷ ಬಂದರೆ ನಿಮ್ಮದೇ ಮೊಟ್ಟೆಯಿಂದ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಅಣ್ಣನೂ ಅವಳೂ ಮಾತಾಡಿಕೊಂಡು ಒಂದೇ ಸಲ ಎಂದು ಗೊತ್ತುಮಾಡಿಕೊಂಡಿದ್ದರು. ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಅಮ್ಮನನ್ನು ಕೆಟ್ಟವಳೆಂದು ಯಾರೂ ತಿಳಿಯಬಾರದು. ದೀಪ ಹಿಡಿದಾಗ ಬೆಳಕು ಸಲೀಸಾಗಿ ದಾಟಿಹೋಗುವ, ಒಳಗೆ ಏನೂ ಕಟ್ಟದ ಮೊಟ್ಟೆಗೆ ನಮ್ಮ ಹ್ಯಾಚರಿಯಲ್ಲಿ ಹಿಂದಿನಿಂದಲೂ ಬಂಜೆ ಮೊಟ್ಟೆ ಎನ್ನುತ್ತಿದ್ದರು. ಅತ್ತಿಗೆ ಬಂದ ಮೂರನೇ ವರ್ಷದಲ್ಲಿ ಒಂದು ಬೆಳಿಗ್ಗೆ ಅಮ್ಮ ಅದನ್ನು ಖಾಲಿ ಮೊಟ್ಟೆ ಎನ್ನಲು ಶುರುಮಾಡಿದಳು. ಯಾರಿಗೂ ಕಾರಣ ಹೇಳಲಿಲ್ಲ. ಕೆಲಸದವಳೊಬ್ಬಳು ಬಾಯಿತಪ್ಪಿ ಹಳೇ ಮಾತು ಆಡಿದಾಗ, "ಖಾಲಿ ಅನ್ನೋಕೆ ನಾಲಿಗೆ ನೋಯುತ್ತೇನೇ?" ಎಂದು ಗದರಿದಳು. ಈಗ ಎಲ್ಲರೂ ಖಾಲಿ ಎನ್ನುತ್ತಾರೆ.

ಮುಟ್ಟಾದ ಎರಡನೇ ದಿನ ಅತ್ತಿಗೆ, ಅಣ್ಣ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು, ಇಂಜೆಕ್ಷನ್ ಇಟ್ಟ ಚೀಲ, ಒಂದು ಚೀಟಿ ಹಿಡಿದು ಬಂದರು. ಅಂದು ಸಂಜೆಯೇ ಮೊದಲ ಸೂಜಿ. ಚೀಟಿಯಲ್ಲಿ ಎರಡೇ ಸಾಲು. ಮೊದಲನೇ ದಿನದಿಂದ ದಿನಾ ಸಂಜೆ ಏಳಕ್ಕೆ ಒಂದು ಸೂಜಿ. ಐದನೇ ದಿನದಿಂದ ಅದರ ಜೊತೆಗೆ ಎರಡನೆಯದು. ಮುಂದಿನ ಸ್ಕ್ಯಾನಿಗೆ ಮಾತ್ರ ತಾರೀಕು ಬರೆದಿತ್ತು.

"ಯಾಕೆ ಎರಡೆರಡು?" ಅಮ್ಮ ಚೀಟಿಯನ್ನು ಅಷ್ಟು ದೂರ ಹಿಡಿದು ನೋಡಿದಳು.

"ತಿಂಗಳಿಗೆ ಒಂದೇ ಮೊಟ್ಟೆ ಬೆಳೆಯೋದಲ್ವಾ ಅತ್ತೆ? ಮೊದಲನೇ ಸೂಜಿ ಎಂಟು ಹತ್ತನ್ನ ಒಟ್ಟಿಗೆ ಬೆಳೆಸುತ್ತೆ. ಎರಡನೇದು, ಅವು ಡಾಕ್ಟರು ತೆಗೆಯೋಕೆ ಮುಂಚೆನೇ ತಾವಾಗಿ ಬಿದ್ದುಹೋಗದೆ ಇರಲಿ ಅಂತ."

"ಒಂದು ಬೆಳೆಸೋಕೆ, ಒಂದು ಹಿಡಿದಿಡೋಕೆ."

"ಹಾಗೇ."

ಸೂಜಿ ಹಾಕುವುದು ಅಣ್ಣ ಎಂದು ಮಾತಾಗಿತ್ತು. ಒಂದು ಬೆಳಿಗ್ಗೆಗೆ ಸಾವಿರ ಮರಿಯ ಕುತ್ತಿಗೆಗೆ ಲಸಿಕೆ ಚುಚ್ಚುವ ಅಣ್ಣ ಹೆಂಡತಿಯ ಹೊಟ್ಟೆಯ ಮುಂದೆ ಮೊಣಕಾಲೂರಿ ಕೂತು, ಬೆವರಿ, ಎದ್ದುಬಿಟ್ಟ. "ನನ್ನ ಕೈಲಿ ಆಗಲ್ಲ."

"ಕೊಡೋ ಇಲ್ಲಿ," ಎಂದು ಅಮ್ಮ ಕೈ ತೊಳೆದು ಬಂದಳು. ದೇಹಕ್ಕೆ ಚುಚ್ಚಿಸಿಕೊಳ್ಳಬೇಡ ಎಂದು ಕೂಗಾಡಿದವಳೇ ಅತ್ತಿಗೆಯ ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿಹಿಡಿದಳು. "ಮರಿಗಾದ್ರೆ ಕುತ್ತಿಗೆ, ನಿನಗೆ ಹೊಟ್ಟೆ. ಅಲ್ಲಾಡಬೇಡ." ಚುಚ್ಚಿದ್ದು ಗೊತ್ತೇ ಆಗಲಿಲ್ಲ ಎಂದಳು ಅತ್ತಿಗೆ.

ಆಮೇಲೆ ಅಮ್ಮ ಹ್ಯಾಚರಿಯಿಂದ ಒಂದು ಹಳೇ ಕರಿಹಲಗೆ ತಂದು ಅಡುಗೆಮನೆಯ ಗೋಡೆಗೆ ಒರಗಿಸಿದಳು. ಪ್ರತಿ ಮಷೀನಿನ ಮುಂದೆಯೂ ಅಂಥದೊಂದು ಹಲಗೆ ಇರುತ್ತದೆ, ಯಾವ ದಿನ ಏನು ಮಾಡಬೇಕೆಂಬುದು ಅದರಲ್ಲಿ. ಬರೆಯುವವಳು ಯಾವಾಗಲೂ ಅಮ್ಮ. ಅವಳ ಹಲಗೆ ನಂಬಿ ಒಂದು ದಿನವೂ ಮರಿ ಹಿಂದೆಮುಂದೆ ಆದದ್ದಿಲ್ಲ. ನಮ್ಮಲ್ಲಿ ಮೊಟ್ಟೆಯನ್ನು ಮಷೀನಿಗೆ ಇಟ್ಟ ದಿನ ಲೆಕ್ಕಕ್ಕಿಲ್ಲ. ಅಂದು ಮೊಟ್ಟೆ ಬೆಚ್ಚಗಾಗುವುದಷ್ಟೇ, ಆ ದಿನಕ್ಕೆ ಸೊನ್ನೆ. ಮಾರನೇ ದಿನ ಒಂದು. ಅಪ್ಪ ಹಾಕಿಕೊಟ್ಟ ಪದ್ಧತಿ, ನಾವೆಲ್ಲ ಅದರಲ್ಲೇ ಬೆಳೆದವರು. ಅಮ್ಮ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ದುಂಡಗೆ ಒಂದು ಸೊನ್ನೆ ಬರೆದಳು. ಅತ್ತಿಗೆ ನೋಡಿದಳು, ಅಣ್ಣ ನೋಡಿದ, ನಾನೂ ನೋಡಿದೆ. ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣಲಿಲ್ಲ. ಚೀಟಿ ಡಬ್ಬಿಯೊಂದರ ಕೆಳಗೆ ಹೋಯಿತು.

ಆ ಸಂಜೆಗಳು ಚೆನ್ನಾಗಿದ್ದವು, ಇದನ್ನು ಹೇಳಲೇಬೇಕು. ಆರೂವರೆಗೆ ಅಮ್ಮ ಹ್ಯಾಚರಿಯಿಂದ ಬಂದು ಸ್ನಾನ ಮಾಡುತ್ತಿದ್ದಳು. ಏಳಕ್ಕೆ ಸೂಜಿ, ಆಮೇಲೆ ಇಬ್ಬರೂ ಅಡುಗೆಮನೆಯಲ್ಲೇ ಕೂತು ಸೊಪ್ಪು ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಮಾತಾಡುತ್ತಿದ್ದರು. ಎಂಟು ವರ್ಷದಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನರ್ಸು ಪೌಷ್ಟಿಕ ಆಹಾರ ಕೊಡಿ ಎಂದಿದ್ದಳೆಂದು ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, ಸಂಜೆ ಎರಡು. ಅತ್ತಿಗೆ, "ಅತ್ತೆ, ಇನ್ನು ಸ್ವಲ್ಪ ದಿನಕ್ಕೆ ನಾನೇ ಕೊಕ್ಕೊಕ್ಕೋ ಅಂತೀನಿ," ಎಂದರೆ ಅಮ್ಮ ನಗುತ್ತಿದ್ದಳು.

"ಇವನು ಹುಟ್ಟಿದ ದಿನ ಮಷೀನು ಬಿಚ್ಚೋ ದಿನ," ಎಂದು ಅಣ್ಣನ ಕಥೆ ಹೇಳಿದಳು ಒಂದು ಸಂಜೆ. "ಮೂರು ಸಾವಿರ ಮರಿ ಹೊರಗೆ ಬಂದಿದ್ವು. ನಿಮ್ಮ ಮಾವ ಮೊದಲು ಅವನ್ನ ಎಣಿಸಿ ಆಮೇಲೆ ನನ್ನ ಹತ್ರ ಬಂದ್ರು."

"ಮೂರು ಸಾವಿರದ ಒಂದು ಅಂತ ಬರ್ಕೊಂಡ್ರಾ?"

"ಬರ್ಕೊಂಡಿದ್ರೂ ಆಶ್ಚರ್ಯ ಇಲ್ಲ."

ಹಲಗೆಯ ಮೇಲೆ ಐದು ಬಂದ ಸಂಜೆ ಎರಡು ಸೂಜಿ ಶುರುವಾದವು. ಮಾರನೇ ಬೆಳಿಗ್ಗೆ ಸ್ಕ್ಯಾನಿನ ತಾರೀಕು. ಅಣ್ಣನಿಗೆ ಮಷೀನು ಬಿಟ್ಟು ಬರುವಂತಿರಲಿಲ್ಲ, ನಾನು ಹೋದೆ.

ಬಾಗಿಲ ಹತ್ತಿರ ಮೇಜಿನ ಹಿಂದೆ ಕೂತ ನರ್ಸು ಕಡತ ತೆರೆದು, "ಇವತ್ತು ಏಳನೇ ದಿನ. ಎರಡನೇ ಇಂಜೆಕ್ಷನ್ ಎರಡಾಗಿದೆ ಅಲ್ವಾ?" ಎಂದಳು.

"ಇಲ್ಲ, ಒಂದು," ಎಂದಳು ಅತ್ತಿಗೆ. "ನಿನ್ನೆ ತಾನೇ ಐದನೇ ದಿನ."

"ನಿನ್ನೆ ಆರು."

"ಐದು."

ನರ್ಸು ಕ್ಯಾಲೆಂಡರನ್ನು ನಮ್ಮ ಕಡೆ ತಿರುಗಿಸಿ ಪೆನ್ನಿನಿಂದ ಒಂದೊಂದೇ ಮನೆ ಮುಟ್ಟುತ್ತಾ ಬಂದಳು. ಮೊದಲ ಸೂಜಿ ಹಾಕಿದ ದಿನದ ಮೇಲೆ ಪೆನ್ನಿಟ್ಟು "ಒಂದು" ಎಂದಾಗ ನನಗೆ ಅಮ್ಮನ ಹಲಗೆಯ ಸೊನ್ನೆ ನೆನಪಾಯಿತು. ಅತ್ತಿಗೆ ನನ್ನ ಕಡೆ ನೋಡಲಿಲ್ಲ. ಅವಳ ಬೆರಳು ಮಾತ್ರ ಚೀಲದ ಪಟ್ಟಿಯನ್ನು ಸುತ್ತುತ್ತಾ ಇದ್ದವು.

ಸ್ಕ್ಯಾನ್ ಮುಗಿಸಿ, ರಕ್ತ ತೆಗೆದುಕೊಂಡು, ಮಧ್ಯಾಹ್ನದವರೆಗೆ ಕೂರಿಸಿ ಡಾಕ್ಟರಮ್ಮ ಒಳಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಒಂದು ದಿನ ತಡ ಹೇಗಾಯ್ತು?"

ನಾನು ಬಾಯಿ ತೆರೆಯುವುದರೊಳಗೆ ಅತ್ತಿಗೆ, "ಮರೆತುಬಿಟ್ಟೆ ಡಾಕ್ಟರ್," ಎಂದಳು.

"ಮೊಟ್ಟೆ ಬೀಳಿಸೋ ಹಾರ್ಮೋನು ಏರೋಕೆ ಶುರುವಾಗಿದೆ. ಆ ಒಂದು ದಿನದಿಂದಲೇ ಅಂತ ಹೇಳೋಕಾಗಲ್ಲ, ಸರಿಯಾಗಿ ಹಾಕಿದವರಿಗೂ ಕೆಲವು ಸಲ ಏರುತ್ತೆ. ಈಗ ಒಂಬತ್ತು ಚೀಲ ಕಾಣ್ತಿವೆ, ಒಂದೊಂದರಲ್ಲಿ ಒಂದು ಮೊಟ್ಟೆ ಇರಬಹುದು. ಎಷ್ಟು ಉಳಿಯುತ್ತೋ ನೋಡೋಣ. ಇನ್ನು ಒಂದು ಹೊತ್ತೂ ತಪ್ಪಿಸಬೇಡಿ."

ಬಸ್ ಸ್ಟಾಪಿನಲ್ಲಿ ನಾನು ಸುಮ್ಮನಿರಲಿಲ್ಲ. "ಮರೆತೆ ಅಂತ ಯಾಕೆ ಹೇಳಿದೆ? ಸೊನ್ನೆ ಬರೆದಿದ್ದು ಅಮ್ಮ."

"ನಾನೂ ನೋಡಿದೆನಲ್ಲ. ದಿನಾ ಹತ್ತು ಜನಕ್ಕೆ ಅದೇ ಲೆಕ್ಕದಲ್ಲಿ ಮರಿ ತಾರೀಕು ಹೇಳ್ತೀನಿ. ನನಗೂ ಹೊಳೀಲಿಲ್ಲ."

"ಹಾಗಾದ್ರೆ ಮನೇಲಿ ಹಾಗೇ ಹೇಳು."

"ಹೇಳಿದ್ರೆ ಏನಾಗುತ್ತೆ? ಇವತ್ತು ಸಂಜೆ ಅವರೇ ಸೂಜಿ ಹಾಕಬೇಕು. ನಾಳೆಯೂ ಹಾಕಬೇಕು. ಕೈ ನಡುಗಿದ್ರೆ ಯಾರು ಹಾಕ್ತಾರೆ? ನಿಮ್ಮಣ್ಣನಾ?" ಅವಳು ರಸ್ತೆಯ ಕಡೆ ನೋಡುತ್ತಿದ್ದಳು. "ನೀನು ಬಾಯಿ ಬಿಡಬೇಡ. ಗರ್ಭ ನಿಂತರೆ ಇದೆಲ್ಲ ಯಾರಿಗೂ ಬೇಕಾಗಲ್ಲ."

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳಬಾರದಿತ್ತೋ ಏನೋ. ನನ್ನ ಬಾಯಿಗೆ ಬೀಗ ಹಾಕಿದವರು ಅದಕ್ಕೆ ಮೊದಲು ಯಾರೂ ಇಲ್ಲ.

ಸಂಜೆ ಅಮ್ಮ ಆರು ಬರೆಯಲು ಸೀಮೆಸುಣ್ಣ ಎತ್ತಿದಾಗ ಅತ್ತಿಗೆ ಸಹಜವಾಗಿ, "ಅತ್ತೆ, ಏಳು ಅಂತ ಬರೀರಿ. ಡಾಕ್ಟರು ಒಂದು ದಿನ ಬದಲಾಯಿಸಿದ್ದಾರೆ," ಎಂದಳು. ಅಮ್ಮ ಒಂದು ಗಳಿಗೆ ಹಲಗೆಯನ್ನೇ ನೋಡಿದಳು. ಏಳು ಬರೆದಳು. ಕೈ ತೊಳೆದು, ಎರಡು ಸೂಜಿಯನ್ನೂ ಹಾಕಿದಳು. ಅಂದು ಸೊಪ್ಪು ಬಿಡಿಸುವಾಗ ಕಥೆ ಹೇಳಲಿಲ್ಲ, ತಲೆನೋವು ಎಂದಳು.

ಅಣ್ಣನಿಗೆ ಮಾತ್ರ ಅತ್ತಿಗೆ ತಾನು ಮರೆತದ್ದಾಗಿ ಹೇಳಿದ್ದಳು. ಆಸ್ಪತ್ರೆಗೆ ಅವನೂ ಹೋಗುವವನಲ್ಲವೇ, ಅಲ್ಲಿ ಮಾತು ಬಂದರೆ? ಎರಡು ದಿನ ಬಿಟ್ಟು ಅಣ್ಣ ಮಷೀನು ರೂಮಿನಲ್ಲಿ ನನ್ನನ್ನು ಹಿಡಿದುಕೊಂಡ.

"ಎಂಟು ತಿಂಗಳ ಹಿಂದಿನ ಬುಕಿಂಗ್ ಬಾಯಲ್ಲಿ ಹೇಳ್ತಾಳೆ. ಇದನ್ನ ಹೇಗೆ ಮರೆತಳು?"

"ಮನುಷ್ಯರಲ್ವಾ?"

"ಅಮ್ಮನಿಗೆ ಹಾಕೋದೊಂದೇ ಗೊತ್ತು. ಯಾವತ್ತು ಯಾವುದು ಅಂತ ಇವಳು ತಾನೇ ಹೇಳಬೇಕಿದ್ದಿದ್ದು? ಇಷ್ಟು ವರ್ಷ ಕಾದಿದ್ದು ಇದಕ್ಕೇನಾ?" ಅವನ ಕಣ್ಣು ಕೆಂಪಾಗಿತ್ತು. ನಾನು ನಾಲಿಗೆ ಕಚ್ಚಿಕೊಂಡು ಟ್ರೇ ಎತ್ತಿಕೊಂಡು ಹೊರಗೆ ಬಂದೆ. ಆ ದಿನದಿಂದ ಅಣ್ಣ ಅತ್ತಿಗೆಯೊಡನೆ ಬೇಕಾದ್ದಷ್ಟೇ ಮಾತಾಡಿದ. ಉಪ್ಪು ಕೊಡು, ಫೋನ್ ಬಂದಿದೆ, ಇಂಥವು.

ಒಂಬತ್ತನೇ ದಿನದ ಸ್ಕ್ಯಾನಿನಲ್ಲಿ ಎರಡು ದೊಡ್ಡ ಚೀಲಗಳು ಆಗಲೇ ಒಡೆದುಹೋಗಿದ್ದವು. ಏಳು ಉಳಿದಿದ್ದವು. ಹತ್ತನೇ ದಿನ ಕೊನೆಯ ಸೂಜಿ, ಮೊಟ್ಟೆಯನ್ನು ಹಣ್ಣು ಮಾಡುವುದು. ಅದನ್ನು ರಾತ್ರಿ ಒಂಬತ್ತಕ್ಕೆ ಸರಿಯಾಗಿ ಹಾಕಬೇಕು, ಅಲ್ಲಿಂದ ಮೂವತ್ತಾರು ಗಂಟೆಗೆ ಆಸ್ಪತ್ರೆಯಲ್ಲಿ ಮೊಟ್ಟೆ ತೆಗೆಯುತ್ತಾರೆ. ಅಮ್ಮ ಎಂಟೂವರೆಯಿಂದ ಗಡಿಯಾರದ ಕೆಳಗೆ ಕೂತಿದ್ದಳು. ನನ್ನನ್ನು ಕರೆದು, "ನಿನ್ನ ಫೋನಲ್ಲಿ ಎಷ್ಟು? ಅವನ ಫೋನಲ್ಲಿ ಎಷ್ಟು?" ಎಂದು ಮೂರು ಸಲ ಕೇಳಿದಳು. ಅಮ್ಮ ಹಾಗೆ ಕೇಳುವವಳೇ ಅಲ್ಲ.

ಮೊಟ್ಟೆ ತೆಗೆಯುವ ದಿನ ಅತ್ತಿಗೆಗೆ ಮಂಪರು ಕೊಟ್ಟು ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಅಣ್ಣನನ್ನು ಒಂದು ಸಣ್ಣ ಡಬ್ಬಿ ಕೊಟ್ಟು ಪಕ್ಕದ ಕೋಣೆಗೆ ಕಳಿಸಿದರು. ಹೊರಗೆ ಬಂದವನು ಯಾರ ಮುಖವನ್ನೂ ನೋಡದೆ ನೇರ ಕ್ಯಾಂಟೀನಿಗೆ ಹೋಗಿ ಎರಡು ಚಹಾ ಕುಡಿದ. ಏಳು ಚೀಲದಿಂದ ಸಿಕ್ಕಿದ್ದು ಐದು ಮೊಟ್ಟೆ.

ಇನ್ನು ಮುಂದಿನದು ಫೋನಿನ ಕಾಲ. ಪ್ರಯೋಗಾಲಯದಿಂದ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕರೆ ಬರುತ್ತಿತ್ತು, ನಮ್ಮ ತಿಂಡಿಯ ಹೊತ್ತು. ಅತ್ತಿಗೆ ತಟ್ಟೆ ಸರಿಸಿ, ಫೋನು ಕಿವಿಗಿಟ್ಟು, "ಹಾಂ, ಹಾಂ," ಎನ್ನುವಾಗ ನಾವು ನಾಲ್ಕು ಜನ ಅಗಿಯುವುದನ್ನೂ ನಿಲ್ಲಿಸುತ್ತಿದ್ದೆವು. ಮೊದಲ ಬೆಳಿಗ್ಗೆ: ಐದರಲ್ಲಿ ನಾಲ್ಕು ಬಲಿತಿದ್ದವು, ಮೂರು ಫಲಿಸಿವೆ. ಮೂರನೇ ದಿನ: ಎರಡು ಸರಿಯಾಗಿ ಬೆಳೆಯುತ್ತಿವೆ. ಐದನೇ ದಿನ: ಒಂದು. ಇವತ್ತೇ ಬನ್ನಿ, ಒಳಗೆ ಇಡೋಣ.

"ಐದಕ್ಕೆ ಒಂದು ಅಂದ್ರೆ ನೂರಕ್ಕೆ ಇಪ್ಪತ್ತು," ಎಂದರು ಅಪ್ಪ.

ಅಮ್ಮ ಅವರ ಮುಂದಿದ್ದ ತಟ್ಟೆಯನ್ನು ಎತ್ತಿಬಿಟ್ಟಳು. "ಇನ್ನೊಂದು ಸಲ ನೂರು ಅನ್ನೋ ಮಾತು ಈ ಅಡುಗೆಮನೇಲಿ ಬಂದ್ರೆ ನಿಮ್ಮ ಊಟ ಮಷೀನು ರೂಮಿಗೆ."

"ನಾನೇನಂದೆ ಈಗ?"

"ನೀವು ಏನೂ ಅನ್ನಬೇಡಿ."

ಒಳಗೆ ಇಡುವಾಗ ಮಂಪರೂ ಇಲ್ಲ, ನೋವೂ ಇಲ್ಲ, ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರಬೇಕಷ್ಟೇ. ಪರದೆಯ ಮೇಲೆ ಬಿಳಿ ಚುಕ್ಕಿ ಕಾಣಿಸಿತಂತೆ. "ಅಷ್ಟೇನಾ?" ಎಂದು ಕೇಳಿದೆ ಎಂದಳು ಅತ್ತಿಗೆ. "ಅಷ್ಟೇ ಅಂದ್ರು." ಹನ್ನೊಂದು ದಿನ ಬಿಟ್ಟು ರಕ್ತಪರೀಕ್ಷೆ. ಅಲ್ಲಿಯವರೆಗೆ ಎರಡು ಹೊತ್ತು ಮಾತ್ರೆ.

ಅಪ್ಪನಿಗೆ ಅದರಲ್ಲೂ ಒಂದು ಸಿದ್ಧಾಂತವಿತ್ತು. ಹದಿನೆಂಟು ದಿನ ಮೊಟ್ಟೆಯನ್ನು ತಿರುಗಿಸುತ್ತಿರಬೇಕು, ಕೊನೆಯ ಮೂರು ದಿನ ಅಲ್ಲಾಡಿಸಬಾರದು. "ಆಫೀಸಿಗೆ ಬರೋದು ಬೇಡ. ಮಲಗಿರು."

"ಓಡಾಡಿಕೊಂಡಿರಿ ಅಂದಿದ್ದಾರೆ ಮಾವ."

"ಅವರಿಗೇನು ಗೊತ್ತು?"

"ಅವರಿಗೆ ಗೊತ್ತಿಲ್ಲದಿದ್ರೆ ನಿಮಗೆ ಗೊತ್ತಾ? ನನ್ನ ಕೋಣೇಲಿ ಗೋಡೆ ನೋಡ್ತಾ ಮಲಗಿದ್ರೆ ತಲೆ ಕೆಟ್ಟುಹೋಗುತ್ತೆ ನನಗೆ." ಅತ್ತಿಗೆ ಮಾವನಿಗೆ ಎದುರು ಮಾತಾಡಿದ್ದು ಅಪರೂಪ. ಅಪ್ಪ ಗೊಣಗುತ್ತಾ ಹೋಗಿ ಅವಳ ಕುರ್ಚಿಗೆ ಒಂದು ದಿಂಬು ತಂದು ಹಾಕಿದರು.

ಆ ಹನ್ನೊಂದು ದಿನ ಅಮ್ಮ ಅತ್ತಿಗೆಯ ಬಟ್ಟೆ ಒಗೆದಳು, ಊಟವನ್ನು ಆಫೀಸಿನ ಮೇಜಿಗೇ ಒಯ್ದು ಕೊಟ್ಟಳು, ಪಾತ್ರೆ ಮುಟ್ಟಗೊಡಲಿಲ್ಲ. ಆದರೆ ಕೂತು ಮಾತಾಡಲಿಲ್ಲ. ಅತ್ತಿಗೆ, "ಬನ್ನಿ ಅತ್ತೆ, ಕೂತ್ಕೊಳ್ಳಿ," ಎಂದರೆ ಒಲೆಯ ಮೇಲೆ ಏನೋ ಇದೆ ಎಂದು ಹೊರಟುಬಿಡುತ್ತಿದ್ದಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ.

ರಕ್ತ ಕೊಟ್ಟು ಬಂದ ದಿನ ಮಧ್ಯಾಹ್ನ ಮೂರಕ್ಕೆ ಫೋನು ಬಂತು. ನಾನು ಆಫೀಸಿನ ಬಾಗಿಲಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದೆ. ಅತ್ತಿಗೆ, "ಹೇಳಿ," ಎಂದಳು. ಕೇಳಿಸಿಕೊಂಡಳು. "ಮಾತ್ರೆ ನಿಲ್ಲಿಸಬಹುದಾ ಹಾಗಾದ್ರೆ?" ಎಂದಳು. ಇಟ್ಟಳು. ಕೂಡಲೇ ಇನ್ನೊಂದು ಫೋನು ರಿಂಗಾಯಿತು, ಯಾರೋ ಎಂಟುನೂರು ಮರಿ ಬೇಕೆಂದರು. ಅವಳು ಬರೆದುಕೊಂಡು, ಬುಧವಾರ ಬೆಳಿಗ್ಗೆ ಆರಕ್ಕೆ ಗಾಡಿ ತನ್ನಿ, ಪೆಟ್ಟಿಗೆ ನಮ್ಮದೇ ಕೊಡುತ್ತೇವೆ ಎಂದು ಹೇಳಿ, ಆಮೇಲೆ ನನ್ನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದಳು. ಹತ್ತಿರ ಹೋದೆ. "ಈಗ ಮುಟ್ಟಬೇಡ ನನ್ನ. ಐದರವರೆಗೆ ಆಫೀಸಿದೆ," ಎಂದಳು.

ಸಂಜೆ ಎಲ್ಲರೂ ಊಟಕ್ಕೆ ಕೂತೆವು. ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಪ್ರತಿ ಸಲ ಮರಿ ತೆಗೆದ ಮೇಲೆ ಅಪ್ಪ ಒಂದು ಕೆಲಸ ಮಾಡುತ್ತಾರೆ: ಮರಿಯಾಗದೆ ಉಳಿದ ಮೊಟ್ಟೆಗಳನ್ನು ಒಡೆದು, ಯಾವ ದಿನ ಸತ್ತಿತು, ಯಾರ ಕೈಯಲ್ಲಿ ತಪ್ಪಾಯಿತು ಎಂದು ಪತ್ತೆ ಹಚ್ಚುತ್ತಾರೆ. ಆ ಅಭ್ಯಾಸ ಬಿಡಲಿಲ್ಲ ಅವರನ್ನು.

"ಎಲ್ಲಿ ಕೈಕೊಡ್ತು ಅಂತ ತಿಳ್ಕೋಬೇಕಲ್ಲ," ಎಂದರು ಮೆಲ್ಲಗೆ.

"ತಿಳ್ಕೊಳ್ಳೋದೇನಿದೆ?" ಎಂದ ಅಣ್ಣ. "ಒಂದು ದಿನ ಸೂಜಿ ಮರೆತಳು. ಒಂಬತ್ತಿದ್ದಿದ್ದು ಐದಾಯ್ತು."

ನಾನು ಅತ್ತಿಗೆಯ ಕಡೆ ನೋಡಿದೆ. ಅವಳು ಅನ್ನ ಕಲಸುತ್ತಿದ್ದಳು. ಇನ್ನು ನನ್ನಿಂದಾಗುವುದಿಲ್ಲ ಎಂದು ಬಾಯಿ ತೆರೆದೆ, ಅಷ್ಟರಲ್ಲಿ ಅಮ್ಮನ ಮಾತು ಬಂತು.

"ಅವಳು ಮರೀಲಿಲ್ಲ."

ಅಮ್ಮ ಸೌಟು ಹಿಡಿದು ನಿಂತಿದ್ದಳು. "ಸೂಜಿ ಹಾಕಿದ್ದು ನಾನು. ದಿನ ಬರೆದಿದ್ದೂ ನಾನು. ಹಾಕಿದ ದಿನಕ್ಕೆ ಸೊನ್ನೆ ಬರೆದೆ. ಅವರ ಲೆಕ್ಕದಲ್ಲಿ ಅದು ಒಂದು."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಆ ಸೊನ್ನೆ ಎಲ್ಲಿಂದ ಬಂತೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಿನಗೆ ಯಾವಾಗ ಗೊತ್ತಾಯ್ತು?" ಎಂದ ಅಣ್ಣ.

"ಆರರ ಬದಲು ಏಳು ಬರೀರಿ ಅಂದಳಲ್ಲ, ಆಗಲೇ. ಡಾಕ್ಟರು ದಿನ ಬದಲಾಯಿಸ್ತಾರೇನೋ ಎಲ್ಲಾದ್ರೂ?"

"ಮತ್ತೆ ಇಷ್ಟು ದಿನ?"

"ಹೆದರಿಕೆ ಆಯ್ತು ಕಣೋ. ಇವಳು ತನ್ನ ಮೇಲೆ ಹಾಕ್ಕೊಂಡಿದ್ದಾಳೆ ಅಂತ ನಿನ್ನ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಮಗು ನಿಂತುಬಿಟ್ರೆ ಯಾರೂ ಕೇಳಲ್ಲ, ಅಲ್ಲಿಗೆ ಮುಗೀತು ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡಿದ್ದೆ ಅತ್ತೆ," ಎಂದಳು ಅತ್ತಿಗೆ. ಅವಳ ದನಿ ಎಂದಿನಂತೆಯೇ ಇತ್ತು. "ನಿಲ್ಲಲಿಲ್ಲ."

ಅಣ್ಣ ಅವಳ ಕಡೆ ತಿರುಗಿದ. "ನನಗಾದ್ರೂ ಹೇಳಬಹುದಿತ್ತು ನೀನು."

"ಹೇಳಬಹುದಿತ್ತು. ನೀವೂ ಉಪ್ಪು ಕೊಡು ಅನ್ನೋದು ಬಿಟ್ಟು ಇನ್ನೊಂದು ಮಾತಾಡಬಹುದಿತ್ತು."

ಅಪ್ಪ ಗಂಟಲು ಸರಿಮಾಡಿಕೊಂಡರು. "ಆ ಒಂದು ದಿನದಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲಮ್ಮ." ಯಾರದೂ ತಪ್ಪಿಲ್ಲ ಎನ್ನುವ ಅರ್ಥದ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಗೊತ್ತು ಮಾವ. ಒಂಬತ್ತೂ ಸಿಕ್ಕಿದ್ರೂ ಆಗದೇ ಇರಬಹುದಿತ್ತು. ಆದ್ರೆ ನಾನು ಸಾಯೋವರೆಗೂ ನನ್ನ ಕಣ್ಣ ಮುಂದೆ ಬರೋದು ಆ ಒಂದು ದಿನಾನೇ." ಅವಳು ಎದ್ದು ಕೈ ತೊಳೆದುಕೊಂಡು ಕೋಣೆಗೆ ಹೋದಳು.

ಅಮ್ಮ ಸೌಟು ಇಟ್ಟು ಅವಳ ಹಿಂದೆ ಹೋದಳು. ನಾನು ಅಮ್ಮನ ಹಿಂದೆ ಎರಡು ಹೆಜ್ಜೆ ಹೋಗಿ ನಿಂತೆ.

"ಅತ್ತೆ, ಒಳಗೆ ಬರಬೇಡಿ," ಎಂದಳು ಅತ್ತಿಗೆ.

ಅಮ್ಮ ಹೊಸ್ತಿಲಲ್ಲೇ ನಿಂತಳು.

"ನಮ್ಮಮ್ಮ ಇದ್ದಿದ್ರೆ ಅವಳ ಹತ್ರ ಹೋಗಿ ಅತ್ತುಬಿಡ್ತಿದ್ದೆ. ಅವಳು ಹೋಗಿ ಹನ್ನೆರಡು ವರ್ಷ ಆಯ್ತು. ಈಗ ನನಗೆ ಅಳೋಕೆ ಅಂತ ಇರೋದು ನೀವೊಬ್ರೇ." ಅವಳ ದನಿ ಮೊದಲ ಸಲ ಒಡೆಯಿತು. "ನಿಮ್ಮ ಮುಖ ನೋಡಿದ್ರೆ ಕೋಪ ಬರುತ್ತೆ. ನಾನೇನು ಮಾಡಲಿ?"

"ಬರಲಿ," ಎಂದಳು ಅಮ್ಮ. "ಕೋಪ ಇಟ್ಕೊಂಡೇ ಅಳು."

ಅತ್ತಿಗೆ ಬಾಗಿಲು ಹಾಕಲು ಕೈ ಚಾಚಿದಳು. ಹಾಕಲಿಲ್ಲ. ಅಮ್ಮ ಹೊಸ್ತಿಲಿನ ಈಚೆಗೆ ನೆಲದ ಮೇಲೆ ಕೂತಳು, ಅತ್ತಿಗೆ ಆಚೆಗೆ ಗೋಡೆಗೆ ಒರಗಿ ಕೂತು ಮುಖವನ್ನು ಮಂಡಿಗೆ ಒತ್ತಿಕೊಂಡಳು. ಅಮ್ಮ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ, ಅವಳನ್ನು ಮುಟ್ಟಲೂ ಇಲ್ಲ. ಅತ್ತಿಗೆ ದನಿ ತೆಗೆದು ಅತ್ತಳು, ಅಡುಗೆಮನೆಯಲ್ಲಿದ್ದ ಗಂಡಸರಿಬ್ಬರಿಗೂ ಕೇಳಿಸುವಂತೆ.